ಕವಲೇದುರ್ಗ: ಬೆಟ್ಟ ಹತ್ತುವ ಮುನ್ನ ಎಲ್ಲರೂ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯವರು ಅಂತ ಗೊತ್ತಾದರೆ ಸಾಕು, ನೆಂಟರು, ನೆಂಟರ ಸ್ನೇಹಿತರು, ಅವರ ಆಫೀಸಿನವರು ಎಲ್ಲರಿಂದಲೂ ಕವಲೇದುರ್ಗದ ಬೆಟ್ಟದ ಕೋಟೆಯ ಬಗ್ಗೆ ಫೋನು ಬರುತ್ತದೆ. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ದಾರಿ, ಊಟ, ಇಂಬಳ (ಜಿಗಣೆ) ಇಷ್ಟೇ ಸಾಕು ಅನ್ನುವವರು ಕೆಳಗಿನ ಅರ್ಧಕ್ಕೆ ಹೋಗಬಹುದು. ಆದರೆ ಅರಮನೆಯ ಬಗ್ಗೆ ಬರೆದದ್ದನ್ನು ಮಾತ್ರ ಬಿಡಬೇಡಿ. ಬೆಟ್ಟದ ತುದಿಗೆ ಹೋಗಿ ಫೋಟೋ ತೆಗೆದುಕೊಂಡು ಇಳಿದವರಲ್ಲಿ ಅರ್ಧಕ್ಕರ್ಧ ಜನ ಅದನ್ನು ದಾಟಿಕೊಂಡೇ ಹೋಗಿರುತ್ತಾರೆ, ನೋಡಿರುವುದಿಲ್ಲ.

ಕವಲೇದುರ್ಗ ಎಲ್ಲಿದೆ?

ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಅಲ್ಲಿಂದ ಮುಂದೆ ಸುಮಾರು 20 ಕಿ.ಮೀ. ಕೊನೆಯ ಸ್ವಲ್ಪ ದೂರ ಊರ ಒಳರಸ್ತೆ. ಎದುರಿಗೆ ಬಸ್ಸೋ ಪಿಕಪ್ಪೋ ಬಂದರೆ ಯಾರಾದರೊಬ್ಬರು ರಿವರ್ಸ್ ಹೋಗಲೇಬೇಕು.

ಕೌಲೇದುರ್ಗ, ಭುವನಗಿರಿ ಅಂತಲೂ ಕೇಳಿದ್ದೇವೆ. ಅದೇನಾ ಇದು?

ಅದೇ. ಊರವರ ಬಾಯಲ್ಲಿ ಕೌಲೇದುರ್ಗ, ಕೆಳದಿ ಅರಸರ ಕಾಲದ ಬರಹಗಳಲ್ಲಿ ಭುವನಗಿರಿ ದುರ್ಗ. ಹಳೆಯ ಮೈಸೂರು ಸರ್ಕಾರದ ದಾಖಲೆಗಳಲ್ಲಿ ಈಗಿನ ತೀರ್ಥಹಳ್ಳಿ ತಾಲ್ಲೂಕಿಗೆ ಕವಲೇದುರ್ಗ ತಾಲ್ಲೂಕು ಅಂತಲೇ ಹೆಸರು. ಗದ್ದೆ ಬಯಲಿನ ಈಗಿನ ಸಣ್ಣ ಊರು ಒಂದು ಕಾಲಕ್ಕೆ ಇಡೀ ಸೀಮೆಯ ಕಚೇರಿಯಾಗಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕೋಟೆ ಕಟ್ಟಿಸಿದವರು ಯಾರು?

ಇವತ್ತು ನೀವು ನೋಡುವ ಕೋಟೆ ಕೆಳದಿ ನಾಯಕರದ್ದು. ಸುಮಾರು 1500ರಲ್ಲಿ ಕೆಳದಿಯ ಚೌಡಪ್ಪನಿಂದ ಶುರುವಾಗಿ 1763ರವರೆಗೆ ಮಲೆನಾಡು ಆಳಿದ ಮನೆತನ. ಮೊದಲು ವಿಜಯನಗರದ ಸಾಮಂತರು. 1565ರ ತಾಳಿಕೋಟೆ ಯುದ್ಧವಾಗಿ ವಿಜಯನಗರ ಕುಸಿದ ಮೇಲೆ ಮೆಲ್ಲಮೆಲ್ಲನೆ ತಮ್ಮದೇ ರಾಜ್ಯ ಮಾಡಿಕೊಂಡರು. ಬೆಟ್ಟದ ಮೇಲೆ ಅದಕ್ಕೂ ಹಿಂದಿನಿಂದ ದುರ್ಗವಿತ್ತು ಅನ್ನುತ್ತಾರೆ. ಆದರೆ ಅದನ್ನು ಜನ ಬಾಳುವ ಊರಾಗಿ ಮಾಡಿದವನು ಹಿರಿಯ ವೆಂಕಟಪ್ಪ ನಾಯಕ. 1629ರಲ್ಲಿ ತೀರಿಕೊಳ್ಳುವವರೆಗೆ ನಾಲ್ಕು ದಶಕ ಆಳಿದ ಈತ ಬೆಟ್ಟದ ಮೇಲೆ ಅರಮನೆ ಎಬ್ಬಿಸಿದ, ಅಗ್ರಹಾರ ಮಾಡಿಸಿದ, ಮಹತ್ತಿನ ಮಠಕ್ಕೆ ಜಾಗ ಕೊಟ್ಟ, ಬೊಕ್ಕಸ, ಕಣಜ, ಲಾಯ, ಕೆರೆಕಟ್ಟೆ ಎಲ್ಲವನ್ನೂ ಕಟ್ಟಿಸಿದ. ಒಂದೇ ಕೋಟೆಯೊಳಗೆ ಬ್ರಾಹ್ಮಣರ ಅಗ್ರಹಾರವೂ ವೀರಶೈವ ಮಠವೂ ಇದ್ದವು. ಕೆಳದಿಯವರು ಮನೆಯಲ್ಲಿ ವೀರಶೈವರು, ಶೃಂಗೇರಿ ಮಠಕ್ಕೂ ದಾನದತ್ತಿ ಕೊಟ್ಟವರು. ಅದು ಅವರ ಪದ್ಧತಿಯೇ. ಬೆಟ್ಟದ ಬುಡದಲ್ಲಿ ಮಠ ಇವತ್ತಿಗೂ ಇದೆ.

ರಾಜಧಾನಿ ಕೆಳದಿ, ಇಕ್ಕೇರಿ, ಬಿದನೂರು ಅಂತ ಓದಿದ್ದೇವೆ. ಮತ್ತೆ ಇಲ್ಲಿ ಅರಮನೆ ಯಾಕೆ?

ಇಕ್ಕೇರಿ ಬಯಲು ಸೀಮೆಗೆ ತೀರ ಹತ್ತಿರ, ಬಾಗಿಲು ತೆರೆದಿಟ್ಟ ಹಾಗೆ. 1637ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಇಕ್ಕೇರಿಯನ್ನು ಲೂಟಿ ಮಾಡಿದಾಗ ಅರಸನಾಗಿದ್ದ ವೀರಭದ್ರ ನಾಯಕ ಜೀವ ಉಳಿಸಿಕೊಂಡಿದ್ದು ಈ ಬೆಟ್ಟ ಹತ್ತಿ. ಮುಂದೆ ರಾಜಧಾನಿಯನ್ನು ಘಟ್ಟದ ಅಂಚಿನ ಬಿದನೂರಿಗೆ ಒಯ್ದರು. ಅದೇ ಈಗಿನ ಹೊಸನಗರ ತಾಲ್ಲೂಕಿನ ನಗರ. ರಾಜಧಾನಿ ಎಲ್ಲೇ ಇರಲಿ, ಕಷ್ಟ ಬಂದಾಗ ಓಡಿಬರಲು ಭುವನಗಿರಿ ಬೇಕಿತ್ತು. ಓಡಿಬಂದವರು ತಿಂಗಳುಗಟ್ಟಲೆ ಇರಬೇಕಲ್ಲ, ಅದಕ್ಕೇ ಅರಮನೆ, ಅದಕ್ಕೇ ಕಣಜ.

ಮೇಲಿಂದ ಸಮುದ್ರ ಕಾಣುತ್ತದಾ? ಕರಾವಳಿ ಕೋಟೆ ಅಂತ ಯಾರೋ ಹೇಳಿದರು.

ಸಮುದ್ರ ನೋಡಲಿಕ್ಕೆ ಅಂತ ಬರಬೇಡಿ, ನಿರಾಸೆಯಾಗುತ್ತದೆ. ಪಶ್ಚಿಮಕ್ಕೆ ಕಾಣುವುದು ಕಾಡು, ಅದರಾಚೆ ಘಟ್ಟದ ಸಾಲು, ಗುಡ್ಡಗಳ ಸಂದಿಯಲ್ಲಿ ಅಣೆಕಟ್ಟಿನ ಹಿನ್ನೀರು. ಕಡಲೇ ಬೇಕೆಂದರೆ ಕೊಡಚಾದ್ರಿಗೆ ಹೋಗಿ. 1,343 ಮೀಟರ್ ಎತ್ತರ, ಆಕಾಶ ತಿಳಿಯಾಗಿದ್ದ ದಿನ ಅರಬ್ಬಿ ಸಮುದ್ರ ಬೆಳ್ಳಗೆ ಗೆರೆ ಎಳೆದಂತೆ ಕಾಣುತ್ತದೆ.

ಆದರೆ ಕರಾವಳಿ ಅಂದವರು ಪೂರ್ತಿ ಸುಳ್ಳನ್ನೇನೂ ಹೇಳಿಲ್ಲ. ಈ ಬೆಟ್ಟದ ಹಣ ಬಂದದ್ದು ಕಡಲಿನಿಂದ. ಘಟ್ಟದ ಮೇಲಿನ ಕಾಳುಮೆಣಸು ಮತ್ತು ಅಕ್ಕಿ ಎತ್ತಿನ ಬೆನ್ನಿನ ಮೇಲೆ ಘಾಟಿ ಇಳಿದು ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರಿನ ಬಂದರು ಸೇರುತ್ತಿತ್ತು. ಬೆಲೆ ಯಾರು ಕಟ್ಟಬೇಕು ಅನ್ನುವುದೇ ಪೋರ್ಚುಗೀಸರಿಗೂ ಕೆಳದಿಯವರಿಗೂ ನೂರು ವರ್ಷದ ಜಗಳ. ವೆಂಕಟಪ್ಪ ನಾಯಕ ಮೆಣಸಿನ ರಾಣಿ ಎಂದೇ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯವನ್ನು 17ನೇ ಶತಮಾನದ ಆರಂಭದಲ್ಲಿ ವಶಪಡಿಸಿಕೊಂಡದ್ದೂ ಆ ಮೆಣಸಿನ ಸೀಮೆಗಾಗಿಯೇ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಇಕ್ಕೇರಿಗೆ ಬಂದು ಈ ವೆಂಕಟಪ್ಪನನ್ನು ಕಂಡಿದ್ದ. ಆ ರಾಯಭಾರದ ವಿಷಯವೂ ಮೆಣಸೇ. ಮುಂದೆ ಶಿವಪ್ಪ ನಾಯಕ 1652ರಿಂದ 1654ರ ನಡುವೆ ಬಸರೂರು, ಹೊನ್ನಾವರ ಮುಂತಾದ ಕಡೆ ಪೋರ್ಚುಗೀಸರನ್ನು ಕೋಟೆಗಳಿಂದಲೇ ಹೊರಗೆ ಹಾಕಿದ. ಹಾಗಾಗಿ ನನ್ನ ಪ್ರಕಾರ ಕರಾವಳಿಯ ಮಿರ್ಜಾನ್ ಕೋಟೆ, ಬಸರೂರು ನೋಡಿದವರು ಕವಲೇದುರ್ಗವನ್ನೂ ನೋಡಬೇಕು. ಅಲ್ಲಿ ವ್ಯಾಪಾರ, ಇಲ್ಲಿ ತಿಜೋರಿ.

ಕೆಳದಿ ಚೆನ್ನಮ್ಮ ಇಲ್ಲಿದ್ದಳೆ?

ಇದ್ದಳು. ಗಂಡ ಸೋಮಶೇಖರ ನಾಯಕ 1671ರಲ್ಲಿ ಕೊಲೆಯಾದ ಮೇಲೆ ಬಿಜಾಪುರದ ಸೈನ್ಯ ಬಿದನೂರಿನ ಮೇಲೆ ಬಂತು. ಚೆನ್ನಮ್ಮಾಜಿ ಬೊಕ್ಕಸ ಸಮೇತ ಭುವನಗಿರಿಗೆ ಬಂದು, ಇಲ್ಲಿಂದಲೇ ಸೈನ್ಯ ಕೂಡಿಸಿದಳು ಎಂದು ಕೆಳದಿಯ ಚರಿತ್ರೆ ಹೇಳುತ್ತದೆ. ಬಂದ ಸೈನ್ಯ ಕಾಡುದಾರಿಯ ಇಕ್ಕಟ್ಟಿನಲ್ಲಿ ಸಿಕ್ಕಿಬಿತ್ತು. ನಮ್ಮ ಕಡೆಯ ಕಾಡು ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಹಾಡಹಗಲೇ ಹತ್ತು ಮಾರು ಆಚೆಗಿನ ದನ ಕಾಣುವುದಿಲ್ಲ.

ಶಾಲೆಯಲ್ಲಿ ಎಲ್ಲರೂ ಓದಿದ ಕಥೆ ಆಮೇಲಿನದು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟು, ತಮಿಳುನಾಡಿನ ಜಿಂಜಿ ಕೋಟೆಗೆ ದಾಟಿಸಿ, ಔರಂಗಜೇಬನ ಸೈನ್ಯವನ್ನು ಎದುರಿಸಿದ್ದು. ಕಾಲು ಶತಮಾನ ಆಳಿದ ಹೆಂಗಸನ್ನು ನಾವು ಆ ಒಂದು ಘಟನೆಗೆ ಕಟ್ಟಿಹಾಕಿಬಿಟ್ಟಿದ್ದೇವೆ. ಅಧಿಕಾರದ ಮೊದಲ ವರ್ಷವೇ, ಒಳಗಿನವರೇ ಎದುರಾಳಿಗಳಾಗಿದ್ದಾಗ, ಈ ಬೆಟ್ಟದ ಮೇಲೆ ಕೂತು ರಾಜ್ಯ ಉಳಿಸಿಕೊಂಡದ್ದು ಅದಕ್ಕಿಂತ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ.

ಕೋಟೆ ಹಾಳಾಗಿದ್ದು ಹೇಗೆ?

1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿ ಬಲ್ಲಾಳರಾಯನ ದುರ್ಗದ ಕಡೆಗೆ ಓಡಿದಳು, ಸಿಕ್ಕಿಬಿದ್ದು ಮಧುಗಿರಿಯಲ್ಲಿ ಸೆರೆಯಾದಳು. ಬಿದನೂರು ಹೈದರ್‌ನಗರವಾಯಿತು, ಕವಲೇದುರ್ಗವೂ ಕೈಬದಲಾಯಿತು. ಆಳುವವರು ಶ್ರೀರಂಗಪಟ್ಟಣದಲ್ಲಿ ಇದ್ದ ಮೇಲೆ ಈ ಬೆಟ್ಟದಲ್ಲಿ ಯಾರಿಗೆ ಏನು ಕೆಲಸ? ಫಿರಂಗಿ ಹೊಡೆದು ಉರುಳಿಸಿದ್ದಕ್ಕಿಂತ ಮಳೆ, ಬೇರು ಮತ್ತು ಜನರ ಮರೆವು ಉರುಳಿಸಿದ್ದೇ ಹೆಚ್ಚು. ಗೋಡೆಯ ಸಂದಿಯಲ್ಲಿ ಬಿದ್ದ ಒಂದು ಬಸರಿ ಬೀಜಕ್ಕೆ ನೂರು ವರ್ಷ ಪುರುಸೊತ್ತು ಕೊಟ್ಟರೆ ಏನು ಮಾಡುತ್ತದೆ ಅನ್ನುವುದನ್ನು ಮೇಲೆ ಹೋದಾಗ ನೀವೇ ನೋಡಿ.

ಮೇಲೆ ನೋಡಲಿಕ್ಕೆ ಏನೇನಿದೆ?

ಮೊದಲು ಗದ್ದೆಯಂಚಿನ ದಾರಿ, ಆಮೇಲೆ ಕಲ್ಲುಹಾಸಿನ ಏರು. ಒಂದರೊಳಗೊಂದು ಸುತ್ತುಕೋಟೆಗಳು, ಬೆಟ್ಟದ ಮೈಗೆ ತಕ್ಕಂತೆ ಬಾಗಿ ಹೋಗಿವೆ. ಗೋಡೆಗೆ ದೊಡ್ಡ ದೊಡ್ಡ ಕಲ್ಲು. ಹೆಬ್ಬಾಗಿಲು ದಾಟಿದೊಡನೆ ಎಡಬಲಕ್ಕೆ ಕಾವಲಿನವರ ಕೋಣೆ. ಬಾಗಿಲು ನೇರ ಒಳಗೆ ಕರೆದೊಯ್ಯುವುದಿಲ್ಲ, ತಿರುಗಿಸಿ ನಿಲ್ಲಿಸುತ್ತದೆ. ಆನೆ ತಂದು ಗುದ್ದಿಸೋಣ ಅಂದರೆ ಓಡಿಬರಲು ಜಾಗವೇ ಇಲ್ಲ.

ಒಳಗೆ ಹೋದರೆ ಕಾಶಿ ವಿಶ್ವನಾಥ ದೇವಸ್ಥಾನ. ಪೂರ್ವಕ್ಕೆ ಮುಖ, ಎದುರಿಗೆ ಎರಡು ಎತ್ತರದ ಕಲ್ಲುಕಂಬ, ನಂದಿಮಂಟಪ. ಹೊರಗೋಡೆಯಲ್ಲಿ ಸೂರ್ಯ, ಚಂದ್ರ, ಹಾವು, ಪ್ರಾಣಿಗಳ ಸಣ್ಣ ಸಣ್ಣ ಉಬ್ಬುಚಿತ್ರ. ಬೇಲೂರಿನ ಕುಸುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇದು ಸಪ್ಪೆ ಎನಿಸಬಹುದು. ಇದು ಗಟ್ಟಿ ಕರಿಗಲ್ಲು, ಅದು ಮೆದು ಬಳಪದ ಕಲ್ಲು. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು. ಇಲ್ಲಿನ ಶಿಲ್ಪಿ ಕಡಿಮೆ ಕೆತ್ತಿದ್ದಾನೆ, ಮಳೆ ತಡೆಯುವಂತೆ ಕೆತ್ತಿದ್ದಾನೆ. ಗೋಡೆಯ ಹತ್ತಿರ ಹೋಗಿ, ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತಿನಲ್ಲಿ ನೋಡಿ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಚಪ್ಪಟೆಯಾಗಿ ಬಿಡುತ್ತದೆ.

ತುತ್ತತುದಿಯ ಬಂಡೆಯ ಮೇಲೆ ಪುಟ್ಟ ಶಿಖರೇಶ್ವರ ಗುಡಿ. ಎಲ್ಲರ ಮೊಬೈಲಿನಲ್ಲಿರುವ ಫೋಟೋ ಇಲ್ಲಿಯದೇ. ಬಂಡೆಯ ಅಂಚಿಗೆ ಬೇಲಿಯಿಲ್ಲ, ಗಾಳಿ ಜೋರು. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವ ಫೋಟೋ ಬೇಡ ಮಾರಾಯ್ರೆ, ನೋಡುವವರಿಗೆ ಎದೆ ಝಲ್ ಅನ್ನುತ್ತದೆ.

ಅರಮನೆ ಅಂದಿರಲ್ಲ, ಅಲ್ಲಿ ಬರೀ ಕಲ್ಲುಕಟ್ಟೆ ಇದೆಯಲ್ಲ?

ಇದೇ ಪ್ರಶ್ನೆಗೆ ಕಾಯುತ್ತಿದ್ದೆ.

ಹೌದು, ಮೇಲ್ಚಾವಣಿ ಇಲ್ಲ. ಪುರಾತತ್ವ ಇಲಾಖೆಯವರು ಉತ್ಖನನ ಮಾಡಿದ ಮೇಲೆ ಕಂಡದ್ದು ನೆಲಗಟ್ಟು, ಮೊಣಕಾಲೆತ್ತರದಿಂದ ಎದೆಯೆತ್ತರದವರೆಗಿನ ಗೋಡೆ, ಕಂಬದ ಬುಡಗಳು. ಅವಸರದಲ್ಲಿ ಹೋದವರಿಗೆ ಹುಲ್ಲು ಬೆಳೆದ ಕಲ್ಲುಕಟ್ಟೆ, ಅಷ್ಟೆ. ಸ್ವಲ್ಪ ನಿಧಾನಿಸಿದರೆ ಮನೆಯೇ ಎದ್ದು ನಿಲ್ಲುತ್ತದೆ. ಸುತ್ತ ಕಂಬದ ಜಗಲಿ, ನಡುವೆ ಬಯಲಂಗಳ, ಅಂಗಳದಲ್ಲೇ ಮೆಟ್ಟಿಲಿಳಿಯುವ ಕೊಳ, ಒಂದು ಕಡೆ ದೇವರಮನೆ, ಒಂದು ಕಡೆ ವಾಸದ ಕೋಣೆಗಳು. ಮಲೆನಾಡಿನ ದೊಡ್ಡ ತೊಟ್ಟಿಮನೆ ನೋಡಿದವರಿಗೆ ಯಾರೂ ವಿವರಿಸಬೇಕಾಗಿಲ್ಲ, ಕಾಲು ತಾನಾಗಿ ಜಗಲಿಯಿಂದ ಒಳಗೆ, ಒಳಗಿನಿಂದ ಹಿತ್ತಿಲಿಗೆ ನಡೆಯುತ್ತದೆ.

ಅಡುಗೆಮನೆಯಲ್ಲಿ ನಿಲ್ಲಿ. ಅಲ್ಲಿ ಕಲ್ಲಿನಲ್ಲೇ ಮಾಡಿದ ಐದು ಮುಖದ ಒಲೆಕಟ್ಟೆ ಇದೆ. ನಮ್ಮ ಹಳೆಯ ಮನೆಗಳಲ್ಲಿ ಮಣ್ಣಿನ ಒಲೆಯನ್ನು ವರ್ಷ ವರ್ಷ ಸಾರಿಸಿ ತಿದ್ದುತ್ತಿದ್ದರು. ಇದು ತಿದ್ದುವ ಗೊಡವೆಯೇ ಇಲ್ಲದ ಒಲೆ. ಅನ್ನ, ಸಾರು, ಪಲ್ಯ, ಹಾಲು, ಬಿಸಿನೀರು ಒಟ್ಟೊಟ್ಟಿಗೆ ಏರಿಸಬಹುದು. ಕೋಟೆ ಎಂದರೆ ಕತ್ತಿ, ಫಿರಂಗಿ ಎಂದುಕೊಂಡವರಿಗೆ ಎಷ್ಟು ಜನಕ್ಕೆ ಅಡುಗೆ ಆಗುತ್ತಿತ್ತು, ಸೌದೆ ಹೊತ್ತು ತರುತ್ತಿದ್ದವರು ಯಾರು, ಮಳೆಗಾಲದಲ್ಲಿ ಹಸಿಸೌದೆಯ ಹೊಗೆ ಹೋಗುತ್ತಿದ್ದುದೆಲ್ಲಿಗೆ ಅನ್ನುವ ಪ್ರಶ್ನೆ ಹುಟ್ಟುವುದೇ ಇಲ್ಲಿ. ಒಬ್ಬ ಅಮ್ಮ, ತುಮಕೂರು ಕಡೆಯವರು, ತುದಿಗೆ ಹತ್ತಲಾಗದೆ ಈ ಕಟ್ಟೆಯ ಬಳಿ ಕೂತವರು, ಮಗ ಇಳಿದು ಬಂದಾಗ "ನೀನೇನು ನೋಡಿದೆಯೋ ಗೊತ್ತಿಲ್ಲ ಕಣಪ್ಪ, ನಾನಂತೂ ರಾಣಿ ಮನೆ ಅಡಿಗೆ ನೋಡಿದೆ" ಅಂದಿದ್ದರು. ಅವರು ನೋಡಿದ್ದೇ ಸರಿ.

ಪಕ್ಕದಲ್ಲಿ ಬಚ್ಚಲು, ಅದಕ್ಕೆ ನೀರು ಬರುವ ವ್ಯವಸ್ಥೆ. ಕಾಲುವೆಯ ಕಲ್ಲನ್ನು ಬೆರಳಿನಿಂದ ಸವರಿಕೊಂಡು ಹೋದರೆ ನೀರು ಯಾವ ಕಡೆ ಇಳಿಯುತ್ತಿತ್ತು ಅನ್ನುವುದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಹೋದರೆ ಸವರುವುದೂ ಬೇಡ.

ಅಷ್ಟು ಎತ್ತರದಲ್ಲಿ ನೀರು ಎಲ್ಲಿಂದ?

ಆಕಾಶದಿಂದ. ತಮಾಷೆಯಲ್ಲ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಇಲ್ಲಿ ನೀರಿಗೆ ಬರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದನ್ನು ಏಪ್ರಿಲ್‌ವರೆಗೆ ಉಳಿಸಿಕೊಳ್ಳುವುದೇ ಕಷ್ಟ. ಅದಕ್ಕೆ ಬಂಡೆಯ ತಗ್ಗುಗಳನ್ನೇ ಬಳಸಿ ಕೊಳ ಮಾಡಿದರು. ಒಂದಕ್ಕೆ ಗದಾತೀರ್ಥ ಅಂತ ಹೆಸರು. ಭೀಮ ಗದೆಯಿಂದ ಗುದ್ದಿ ತೆಗೆದದ್ದು ಅನ್ನುವುದು ಊರಿನ ಕಥೆ. ಪಾಂಡವರು ವನವಾಸ ಮಾಡಿದ ಕಾಮ್ಯಕವನ ಇದೇ ಅಂತಲೂ ಹೇಳುತ್ತಾರೆ. ಮಲೆನಾಡಿನಲ್ಲಿ ಪಾಂಡವರು ಬಾರದ ಬೆಟ್ಟ ಹುಡುಕುವುದು ಕಷ್ಟ.

ಕೊಳಗಳಿಗೆ ಇಳಿಯಬೇಡಿ. ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ, ಆಳ ತಿಳಿಯುವುದಿಲ್ಲ.

ನಿಧಿ ಇದೆಯಂತೆ, ನಿಜವೇ?

ಇತ್ತು, ಹೋಯಿತು. 1763ರಲ್ಲಿ ಬಿದನೂರಿನಲ್ಲಿ ಸಿಕ್ಕ ಸಂಪತ್ತೇ ತನ್ನ ಏಳಿಗೆಗೆಲ್ಲ ಕಾರಣ ಎಂದು ಹೈದರ್ ಹೇಳುತ್ತಿದ್ದನಂತೆ. ಆತ ನಿಮಗಾಗಿ ಏನೂ ಬಿಟ್ಟಿಲ್ಲ. ಸಂರಕ್ಷಿತ ಸ್ಮಾರಕದಲ್ಲಿ ನೆಲ ಅಗೆಯುವುದು ಅಪರಾಧ, ಕಲ್ಲಿನ ಮೇಲೆ ಹೆಸರು ಕೆತ್ತುವುದೂ ಅಪರಾಧ.

ಆ ಸಂಪತ್ತು ಬಂದ ದಾರಿ ಕೇಳುವುದಾದರೆ ಒಳ್ಳೆಯ ಉತ್ತರವಿದೆ. ಮೆಣಸು, ಅಡಿಕೆ, ಭತ್ತ, ಮತ್ತೆ ಶಿವಪ್ಪ ನಾಯಕನ ಶಿಸ್ತು. ಜಮೀನನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿ, ಬೆಳೆಯ ಅಂದಾಜು ನೋಡಿ, ಮೂರರಲ್ಲೊಂದು ಪಾಲಿನ ಲೆಕ್ಕದಲ್ಲಿ ಕಂದಾಯ ಗೊತ್ತುಮಾಡಿದ ಪದ್ಧತಿ ಅದು. ಅಡಿಕೆ ತೋಟಕ್ಕೆ ಮರದ ಲೆಕ್ಕ. "ಶಿವಪ್ಪ ನಾಯಕನ ಶಿಸ್ತು" ಅನ್ನುವ ಮಾತು ಮಲೆನಾಡಿನ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ, ಕಂದಾಯದ ಅರ್ಥ ಮರೆತವರಲ್ಲೂ.

ಹತ್ತುವುದು ಕಷ್ಟವೇ? ವಯಸ್ಸಾದವರು, ಮಕ್ಕಳು ಹೋಗಬಹುದೇ?

ನಡೆದಾಡುವ ಅಭ್ಯಾಸವಿದ್ದರೆ ಮುಕ್ಕಾಲು ಗಂಟೆ, ಒಂದು ಗಂಟೆಯ ಏರು. ಕಲ್ಲುಹಾಸು ಇರುವುದರಿಂದ ದಾರಿ ತಪ್ಪುವುದಿಲ್ಲ. ಆದರೆ ಕಲ್ಲುಗಳು ಏರುಪೇರು, ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅವರು ದೇವಸ್ಥಾನ ಮತ್ತು ಅರಮನೆ ನೋಡಿ ಕೂತರೆ ಸಾಕು, ತುದಿ ತಪ್ಪಿಹೋದರೆ ನಷ್ಟವಿಲ್ಲ. ಮಕ್ಕಳನ್ನು ಕರೆತನ್ನಿ, ಕೈ ಬಿಡಬೇಡಿ. ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ. "ಒಂದು ಗಂಟೆಯಲ್ಲಿ ಮುಗಿಸಿ ಜೋಗಕ್ಕೆ ಹೋಗ್ತೇವೆ" ಅನ್ನುವವರು ನೇರ ಜೋಗಕ್ಕೇ ಹೋಗುವುದು ಒಳ್ಳೆಯದು.

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಬರಬಹುದೇ?

ಅಕ್ಟೋಬರ್‌ನಿಂದ ಜನವರಿ ಸುಖ. ಗದ್ದೆ ಹಸಿರಿರುತ್ತದೆ, ಬೆಳಿಗ್ಗೆ ಮಂಜು, ಮಧ್ಯಾಹ್ನ ಹದ ಬಿಸಿಲು. ಮಾರ್ಚ್, ಏಪ್ರಿಲ್‌ನಲ್ಲಿ ಬಂಡೆ ಕಾದು ಕಾಲಿಡಲಾಗುವುದಿಲ್ಲ, ಬೆಳಗ್ಗೆ ಬೇಗ ಹತ್ತಿ ಇಳಿಯಬೇಕು.

ಮಳೆಗಾಲದ ಕವಲೇದುರ್ಗ ಬೇರೆಯೇ ಕೋಟೆ. ಗೋಡೆಯ ಮೇಲೆಲ್ಲ ಹಸಿರು ಪಾಚಿ, ಮೆಟ್ಟಿಲೇ ಹಳ್ಳ, ಎದುರಿಗಿನ ಕಂಬ ಮಂಜಿನಲ್ಲಿ ಬಂದು ಹೋಗುತ್ತದೆ. ನೋಟ ಏನೂ ಇಲ್ಲ, ಬಿಳಿ ಗೋಡೆ ಅಷ್ಟೆ. ನನಗೆ ಇದೇ ಇಷ್ಟ, ಆದರೆ ಎಲ್ಲರಿಗೂ ಹೇಳಲಾರೆ, ಯಾಕೆಂದರೆ ಕಾಲು ಜಾರಿದರೆ ಎತ್ತಿಕೊಂಡು ಇಳಿಸುವುದು ಊರಿನವರೇ. ಜುಲೈ ತಿಂಗಳ ಜಡಿಮಳೆಯಲ್ಲಿ ಬೇಡ. ಸೆಪ್ಟೆಂಬರ್‌ನಲ್ಲಿ ಹೊಳವಾದ, ಅಂದರೆ ಮಳೆ ಬಿಟ್ಟ ದಿನ ನೋಡಿ ಬನ್ನಿ. ಕೆಳಗಿನ ಮನೆಯ ಜಗಲಿಯಲ್ಲಿ ಯಾರಾದರೂ ಕಂಡರೆ "ಅಜ್ಜಿ, ಇವತ್ತು ಮಳೆ ಬರ್ತದಾ?" ಅಂತ ಕೇಳಿ ಹತ್ತಿ. ಮೊಬೈಲಿನ ಹವಾಮಾನಕ್ಕಿಂತ ಅದು ಗಟ್ಟಿ.

ಇಂಬಳ ಇದ್ದೇ ಇರುತ್ತದೆ. ಉಪ್ಪು ಅಥವಾ ಸುಣ್ಣ ಬಟ್ಟೆಯಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ, ಕಚ್ಚಿದ ಕಡೆ ಮುಟ್ಟಿಸಿದರೆ ಉದುರುತ್ತದೆ. ಕಿತ್ತು ಎಳೆಯಬೇಡಿ. ರಕ್ತ ಸ್ವಲ್ಪ ಹೊತ್ತು ಹರಿದು ನಿಲ್ಲುತ್ತದೆ, ಗಾಬರಿ ಬೇಡ. ಬಟ್ಟೆಯ ಕ್ಯಾನ್ವಾಸ್ ಶೂ, ಸವೆದ ಅಡಿಯ ಚಪ್ಪಲಿ ಎರಡೂ ಪ್ರಯೋಜನವಿಲ್ಲ.

ಮಂಗನ ಕಾಯಿಲೆ ಅಂತ ಪೇಪರಿನಲ್ಲಿ ಬರುತ್ತದಲ್ಲ, ಹೆದರಬೇಕೇ?

ಹೆದರಬೇಕಿಲ್ಲ, ಎಚ್ಚರ ಬೇಕು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಹರಡುವುದು ಉಣುಗಿನಿಂದ (ಉಣ್ಣೆ ಹುಳು). ಮಂಗ ಸತ್ತ ಜಾಗದಲ್ಲಿ ಉಣುಗು ಜಾಸ್ತಿ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ತರಗೆಲೆ ಒಣಗಿರುವ ಕಾಲದಲ್ಲಿ ಅಪಾಯ ಹೆಚ್ಚು.

ಮಾಡಬೇಕಾದ್ದು ಇಷ್ಟೆ. ಉದ್ದ ಪ್ಯಾಂಟು, ಮೈ ಮುಚ್ಚುವ ಅಂಗಿ ಹಾಕಿ. ಕಲ್ಲುಹಾಸಿನ ದಾರಿ ಬಿಟ್ಟು ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಇಳಿದ ಮೇಲೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಊರಿಗೆ ಮರಳಿ ಒಂದು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ. ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಲಾರದು.

ಬಸ್ಸಿನಲ್ಲಿ ಬರಬಹುದೇ?

ಶಿವಮೊಗ್ಗದವರೆಗೆ ರೈಲು ಇದೆ, ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವೂ ಆಗಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬೇಕಾದಷ್ಟು ಬಸ್ಸು. ತೀರ್ಥಹಳ್ಳಿಯಿಂದ ಮುಂದೆ ಬಸ್ಸು ಕಡಿಮೆ, ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ನಾಲ್ಕು ಜನ ಇದ್ದರೆ ತೀರ್ಥಹಳ್ಳಿಯಿಂದ ಆಟೋ ಮಾತಾಡಿಕೊಳ್ಳುವುದೇ ವಾಸಿ, ಕಾಯುವ ದುಡ್ಡನ್ನೂ ಸೇರಿಸಿ ಮೊದಲೇ ಮಾತಾಡಿ. ಸ್ವಂತ ಕಾರಿನವರು ಬುಡದ ಹತ್ತಿರ ನಿಲ್ಲಿಸುವಾಗ ಗದ್ದೆಗೆ ಇಳಿಯುವ ದಾರಿಗೆ ಅಡ್ಡ ನಿಲ್ಲಿಸಬೇಡಿ. ಟಿಲ್ಲರ್ ಹೊರಡಬೇಕಾದ ಹೊತ್ತಿಗೆ ನೀವು ಬೆಟ್ಟದ ತುದಿಯಲ್ಲಿರುತ್ತೀರಿ, ಅಲ್ಲಿ ಫೋನು ಸಿಗುವುದಿಲ್ಲ. ಊರಿನವರು ಬೈದರೆ ತಪ್ಪು ಅವರದ್ದಲ್ಲ.

ಊಟ, ತಿಂಡಿ, ಉಳಿಯಲು?

ಮೇಲೆ ಅಂಗಡಿ ಇಲ್ಲ. ಕುಡಿಯುವ ನೀರು ನೀವೇ ಹೊರಬೇಕು, ಖಾಲಿ ಬಾಟಲಿ ನೀವೇ ಇಳಿಸಬೇಕು. ಬುಡದಲ್ಲಿ ಕೆಲವು ಮನೆಗಳಲ್ಲಿ ಮಜ್ಜಿಗೆ, ಶರಬತ್ತು ಸಿಗುತ್ತದೆ. ಊಟಕ್ಕೆ ತೀರ್ಥಹಳ್ಳಿಗೇ ಬರಬೇಕು. ಸುತ್ತಮುತ್ತ ಹೋಂಸ್ಟೇಗಳಿವೆ, ಮೊದಲೇ ಹೇಳಿದರೆ ಅಕ್ಕಿರೊಟ್ಟಿ, ಕಡುಬು, ಕಾಲಕ್ಕೆ ತಕ್ಕ ತಂಬುಳಿ ಮಾಡಿಕೊಡುತ್ತಾರೆ. ಮಳೆಗಾಲದಲ್ಲಾದರೆ ಕಳಲೆ ಪಲ್ಯ, ಪತ್ರೊಡೆ ಇದೆಯೇ ಅಂತ ನಾಚದೆ ಕೇಳಿ. ಗೋಬಿ ಮಂಚೂರಿ ಕೇಳಿ ಆ ಮನೆಯವರ ಮನಸ್ಸು ನೋಯಿಸಬೇಡಿ.

ಇದರ ಜೊತೆ ಇನ್ನೇನು ನೋಡಬಹುದು?

ಕೋಟೆಯ ಕಥೆ ಹಿಡಿಸಿದ್ದರೆ ನಗರಕ್ಕೆ ಹೋಗಿ. ಬಿದನೂರಿನ ಕೋಟೆ ಕುಂದಾಪುರ ರಸ್ತೆಯ ಪಕ್ಕದಲ್ಲೇ ಇದೆ, ಹತ್ತುವ ಕಷ್ಟವಿಲ್ಲ; ದರ್ಬಾರ್ ಹಾಲಿನ ನೆಲಗಟ್ಟು, ಅಕ್ಕ-ತಂಗಿ ಕೊಳ ನೋಡಬಹುದು. ಹತ್ತಿರದ ದೇವಗಂಗೆಯ ಕೊಳಗಳನ್ನು ಬಿಡಬೇಡಿ. ಇನ್ನೊಂದು ದಿನ ಇದ್ದರೆ ಸಾಗರದ ಕಡೆ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ; ಕೆಳದಿಯ ಚಾವಣಿಯ ಗಂಡಭೇರುಂಡ ನೋಡಲು ಕತ್ತು ಎತ್ತಲೇಬೇಕು. ಶಿವಮೊಗ್ಗ ಊರೊಳಗಿನ ಶಿವಪ್ಪ ನಾಯಕ ಅರಮನೆಗೆ ಹೆಸರು ಮಾತ್ರ ಶಿವಪ್ಪ ನಾಯಕನದು, ಕಟ್ಟಡ ಹೈದರನ ಕಾಲದ್ದು. ಅಲ್ಲಿನ ಮ್ಯೂಸಿಯಂ ಚೆನ್ನಾಗಿದೆ.

ಕೋಟೆ ಸಾಕಪ್ಪ ಅನ್ನುವವರಿಗೆ ಕುಪ್ಪಳಿಯ ಕವಿಮನೆ ಮತ್ತು ಕವಿಶೈಲ, ತುದಿಯವರೆಗೂ ವಾಹನ ಹೋಗುವ ಕುಂದಾದ್ರಿಯ ಪಾರ್ಶ್ವನಾಥ ಬಸದಿ, ಶರಾವತಿ ಹುಟ್ಟುವ ಅಂಬುತೀರ್ಥ ಎಲ್ಲ ಇದೇ ತಾಲ್ಲೂಕಿನಲ್ಲಿವೆ. ಶಿವಮೊಗ್ಗದಿಂದ ಬರುವ ದಾರಿಯಲ್ಲೇ ಸಕ್ರೆಬೈಲಿನ ಆನೆ ಬಿಡಾರ, ಅದಕ್ಕೆ ಬೆಳಗಿನ ಹೊತ್ತೇ ಬೇಕು. ಮಳೆಗಾಲದಲ್ಲಿ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ತುಂಬ ಹಕ್ಕಿಗೂಡು.

ಡ್ರೋನ್ ಹಾರಿಸಬಹುದೇ? ಪ್ರೀ-ವೆಡ್ಡಿಂಗ್ ಶೂಟ್? ರಾತ್ರಿ ಟೆಂಟ್?

ಡ್ರೋನ್‌ಗೂ ಶೂಟಿಂಗ್‌ಗೂ ಅನುಮತಿ ಬೇಕು, ಮೊದಲೇ ಪಡೆದುಕೊಂಡು ಬನ್ನಿ. ಗೇಟಿನ ಹತ್ತಿರ ನಿಂತು "ಸರ್, ಐದೇ ನಿಮಿಷ" ಅಂದರೆ ಆಗುವುದಿಲ್ಲ. ಟೆಂಟ್, ಕ್ಯಾಂಪ್‌ಫೈರ್ ಇಲ್ಲವೇ ಇಲ್ಲ. ಸೂರ್ಯಾಸ್ತ ನೋಡಿಯೇ ಇಳಿಯುತ್ತೇವೆ ಅಂತ ಹಟ ಮಾಡುವವರಿಗೆ: ಕಾಡಿನ ದಾರಿಯಲ್ಲಿ ಕತ್ತಲು ಅರ್ಧ ಗಂಟೆ ಮೊದಲೇ ಆಗುತ್ತದೆ. ಐದು ಗಂಟೆಗೆ ಇಳಿಯಲು ಶುರು ಮಾಡಿ. ಅಂದ ಹಾಗೆ, ಚಿಪ್ಸ್ ಪ್ಯಾಕೆಟ್ಟನ್ನು ಕೋಟೆಗೋಡೆಯ ಕಲ್ಲಿನ ಸಂದಿಗೆ ತುರುಕುವವರ ಬಗ್ಗೆ ಇಲ್ಲಿ ಬರೆಯಬೇಕೆಂದಿದ್ದ ಮಾತು ಅಚ್ಚಿಗೆ ಯೋಗ್ಯವಲ್ಲ, ಎದುರಿಗೆ ಸಿಕ್ಕರೆ ಹೇಳುತ್ತೇನೆ.